ಜಲಮಂಡಳಿಯಲ್ಲಿ ಕೋಲಾರಕ್ಕೊಂದು ಕುರ್ಚಿ

ಬೆಂಗಳೂರು ಜಲಮಂಡಳಿ ಹೆಸರಿಗೆ ನಗರದ ಸಂಸ್ಥೆ. ಅದರ ಕೊಳವೆ ಹೋದಲ್ಲೆಲ್ಲ ಹೋಗಿ ನೋಡಿದರೆ ಮಾತ್ರ ಅದು ಹಲವು ಜಿಲ್ಲೆಗಳ ಸಂಸ್ಥೆ. ನಗರ ಕುಡಿಯುವ ಕಾವೇರಿ ನೀರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಹಾರೋಹಳ್ಳಿ, ತಾತಗುಣಿಗಳ ಪಂಪುಗಳ ಬಲದಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಊರು ಸೇರುತ್ತದೆ. ಬಳಸಿ ಬಿಟ್ಟ ನೀರು ಬಂದ ದಾರಿಯಲ್ಲೇ ಮರಳುವುದಿಲ್ಲ. ಪಶ್ಚಿಮದ ಕೊಳಚೆ ವೃಷಭಾವತಿಯಲ್ಲಿ ಇಳಿದು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಪೂರ್ವದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿನ ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಏಳುತ್ತದೆ. ಇನ್ನೊಂದು ಪಾಲು ಸಂಸ್ಕರಣೆಗೊಂಡು, ಮತ್ತೆ ಪಂಪು ಏರಿ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕೆರೆಗಳನ್ನು ತುಂಬುತ್ತದೆ. ಇಷ್ಟು ಉದ್ದದ ದಾರಿಯಲ್ಲಿ ನೀರು ಕೊಟ್ಟವರು, ಕೊಳಚೆ ಹೊತ್ತವರು, ಕೊಳಚೆಯನ್ನೇ ನೀರಾಗಿ ಪಡೆದವರು ಲಕ್ಷಾಂತರ ಜನ. ಇವರಿಗೆಂದು ಜಲಮಂಡಳಿಯಲ್ಲಿ ಮೀಸಲಾದ ಒಂದು ಕುರ್ಚಿಯೂ ಇಲ್ಲ. ಈ ಕುರ್ಚಿ ಕಾನೂನಿನಲ್ಲೇ ಇರಬೇಕು ಎಂಬುದು ನನ್ನ ವಾದ. ಹೊರಜಿಲ್ಲೆಗಳ ಮೇಲಿನ ಕರುಣೆಯಿಂದ ಈ ಮಾತು ಆಡುತ್ತಿಲ್ಲ. ಸುತ್ತಲಿನ ಪ್ರದೇಶಕ್ಕೆ ಉತ್ತರ ಹೇಳಬೇಕಿಲ್ಲದ ಜಲಮಂಡಳಿ ಕೊನೆಗೆ ನಗರಕ್ಕೂ ನೆಟ್ಟಗೆ ನೀರು ಕೊಡಲಾರದು; ಬೆಂಗಳೂರಿನದೇ ಇತಿಹಾಸ ಅದಕ್ಕೆ ಪುರಾವೆ.

ಆ ಇತಿಹಾಸ ಅರ್ಕಾವತಿಯದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದ ಮಧ್ಯದಲ್ಲಿ, ಹೆಸರಘಟ್ಟದಿಂದ ನಗರಕ್ಕೆ ಕೊಳವೆ ನೀರು ಬಂತು. ಅದು ಸಾಲದಾದಾಗ 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದಿತು. ಎರಡೂ ನಗರದ ಸ್ವತ್ತು, ಆದರೆ ಎರಡಕ್ಕೂ ನೀರು ಕೊಡುವ ನೆಲ ನಗರದ ಕೈಯಲ್ಲಿರಲಿಲ್ಲ. ನಂದಿಬೆಟ್ಟದ ತಪ್ಪಲಿನಿಂದ ದೊಡ್ಡಬಳ್ಳಾಪುರದ ಮೇಲೆ ಬರುವ ಅರ್ಕಾವತಿಗೆ ಅಲ್ಲಿನ ಕೈಗಾರಿಕಾ ಪ್ರದೇಶದ ತ್ಯಾಜ್ಯ, ಊರಿನ ಒಳಚರಂಡಿ ಸೇರಿದವು. ಶಿವಗಂಗೆಯ ಕಡೆಯಿಂದ ನೆಲಮಂಗಲದ ಮೂಲಕ ಬರುವ ಕುಮುದ್ವತಿಯ ಇಕ್ಕೆಲಗಳಲ್ಲಿ ಬಡಾವಣೆ, ಗೋದಾಮು, ಕಾರ್ಖಾನೆಗಳು ಬಂದವು. ಸಾವಿರಾರು ಕೊಳವೆಬಾವಿಗಳು ಹೊಳೆಯ ತಳದ ಹರಿವನ್ನೇ ಹೀರಿದವು. 2003ರಲ್ಲಿ ಸರ್ಕಾರ ಜಲಾನಯನ ಪ್ರದೇಶವನ್ನು ವಲಯಗಳಾಗಿ ಹಂಚಿ ನಿರ್ಬಂಧದ ಅಧಿಸೂಚನೆ ಹೊರಡಿಸಿತು. ಮುಂದೆ ಅದನ್ನು ತಾನೇ ಸಡಿಲಿಸಿತು. ಆ ಹೊತ್ತಿಗೆ ಜಲಾಶಯದಲ್ಲಿ ಕುಡಿಯಲು ಲಾಯಕ್ಕಾದ ನೀರೇ ಉಳಿದಿರಲಿಲ್ಲ. 2012ರ ನಂತರ ನಗರ ತಿಪ್ಪಗೊಂಡನಹಳ್ಳಿಯನ್ನು ಹೆಚ್ಚುಕಡಿಮೆ ಮರೆಯಿತು. ಮನೆಬಾಗಿಲಲ್ಲಿದ್ದ ನದಿಯನ್ನು ಹೀಗೆ ಕಳೆದುಕೊಂಡ ಊರು 100 ಕಿಲೋಮೀಟರ್ ಆಚೆಯ ನದಿಗೆ ಕೈಚಾಚಿದೆ. ಇಲ್ಲಿ ಎಂಜಿನಿಯರುಗಳದ್ದೇನೂ ತಪ್ಪಿಲ್ಲ. ದೊಡ್ಡಬಳ್ಳಾಪುರದ ಕಾರ್ಖಾನೆಗೆ ಪರವಾನಗಿ ಕೊಡುವವರು ಒಬ್ಬರು, ನೆಲಮಂಗಲದ ಬಡಾವಣೆಗೆ ನಕ್ಷೆ ಮಂಜೂರು ಮಾಡುವವರು ಇನ್ನೊಬ್ಬರು, ಜಲಾಶಯ ಬತ್ತಿದಾಗ ಬೈಸಿಕೊಳ್ಳುವವರು ಮತ್ತೊಬ್ಬರು. ಮೂವರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಲೆಕ್ಕ ಕೇಳುವ ಜಾಗ ಇರಲಿಲ್ಲ. ಈಗಲೂ ಇಲ್ಲ.

ಅರ್ಕಾವತಿಯಲ್ಲಿ ಸೋತ ವ್ಯವಸ್ಥೆಯನ್ನೇ ಎಷ್ಟೋ ಪಟ್ಟು ದೊಡ್ಡದಾಗಿ ಕಾವೇರಿಯ ಮೇಲೆ ಕಟ್ಟಲಾಗಿದೆ. 1974ರಲ್ಲಿ ಶುರುವಾದ ಕಾವೇರಿ ಯೋಜನೆ ಹಂತ ಹಂತವಾಗಿ ಬೆಳೆದು ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ಮುಟ್ಟಿತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಅದಕ್ಕೆ 775 ದಶಲಕ್ಷ ಲೀಟರ್ ಸೇರಿಸಿತು. ಪೂರ್ಣ ಸಾಮರ್ಥ್ಯದಲ್ಲಿ ಹರಿದರೆ ವರ್ಷಕ್ಕೆ 28 ಟಿಎಂಸಿಗೂ ಮಿಗಿಲು. ಈ ನೀರಿನ ಲೆಕ್ಕದಲ್ಲೇ ಒಂದು ಸ್ವಾರಸ್ಯವಿದೆ. ಕಾವೇರಿ ನ್ಯಾಯಮಂಡಳಿ ತನ್ನ 2007ರ ಐತೀರ್ಪಿನಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಎಣಿಸಿ ಅಷ್ಟಕ್ಕೇ ನೀರು ಲೆಕ್ಕ ಹಾಕಿತ್ತು. ಭೂಗೋಳ ನೋಡಿದರೆ ಅದು ಸುಳ್ಳಲ್ಲ: ನಗರ ಕೂತಿರುವುದು ಒಂದು ದಿಣ್ಣೆಯ ಮೇಲೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಕಾವೇರಿಗೆ, ಪೂರ್ವಕ್ಕೆ ಬಿದ್ದದ್ದು ಪಿನಾಕಿನಿಗೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಬದಿಗಿಟ್ಟು, ಕುಡಿಯುವ ನೀರಿನ ಅಗತ್ಯವೇ ದೊಡ್ಡದೆಂದು ಬೆಂಗಳೂರಿಗಾಗಿ 4.75 ಟಿಎಂಸಿ ಹೆಚ್ಚುವರಿ ಹಂಚಿಕೆ ಕೊಟ್ಟಿತು. ಸರಿಯಾದ ತೀರ್ಪು ಎಂದೇ ನನ್ನ ಭಾವನೆ. ಆದರೆ ಮನೆಬಳಕೆಯ ನೀರಿನಲ್ಲಿ ಐದನೇ ಒಂದು ಭಾಗ ಮಾತ್ರ ಖರ್ಚಾಗುತ್ತದೆ, ಉಳಿದದ್ದು ನದಿಗೆ ಮರಳುತ್ತದೆ ಎಂಬ ಎಣಿಕೆ ಈ ಹಂಚಿಕೆಯ ಬೆನ್ನಿಗಿದೆ. ದಿಣ್ಣೆಯ ಪೂರ್ವಕ್ಕೆ ಹೋದ ಕಾವೇರಿ ನೀರು ಕಾವೇರಿಗೆ ಮರಳುವುದಿಲ್ಲ. ವರ್ತೂರಿಗೆ, ಹೊಸೂರಿಗೆ, ಕೋಲಾರಕ್ಕೆ ಹೋಗುತ್ತದೆ. ನೀರು ಪಡೆಯುವಾಗ ಕೊಳ್ಳದ ಗೆರೆ ಅಳಿಸಿಹೋಗುತ್ತದೆ. ಬಿಟ್ಟ ನೀರಿಗೆ ಹೊಣೆ ಕೇಳಿದಾಗ ಮಾತ್ರ ನಗರದ ಗಡಿಗೆರೆ ಎದ್ದು ನಿಲ್ಲುತ್ತದೆ.

ಈ ಅಸಮತೋಲನ ಸುಧಾರಿಸದೇ ಉಳಿದಿರುವುದಕ್ಕೆ ಕಾರಣ ನಕ್ಷೆಯಲ್ಲೇ ಇದೆ. ಬೆಂಗಳೂರು ಕಾವೇರಿಯಿಂದ ನೀರೆತ್ತುವುದು ಶಿವನಸಮುದ್ರದ ಭಾಗದಲ್ಲಿ. ನಗರದ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರಿ, ಅರ್ಕಾವತಿ ಕಾವೇರಿಯನ್ನು ಸೇರುವುದು ಅದಕ್ಕಿಂತ ಕೆಳಗೆ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ. ಅಂದರೆ ತಾನು ಹೊಲಸು ಮಾಡಿದ ನೀರನ್ನು ನಗರ ತಾನು ಕುಡಿಯುವುದಿಲ್ಲ. ನದಿಯ ಮೇಲ್ಭಾಗದಲ್ಲಿ ಬಾಯಿ, ಕೆಳಭಾಗದಲ್ಲಿ ಮೋರಿ. ಇಂಥ ಊರಿಗೆ ತನ್ನ ಶುದ್ಧೀಕರಣ ಘಟಕ ರಾತ್ರಿ ಹೊತ್ತು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆ ಹುಟ್ಟುವುದಾದರೂ ಎಲ್ಲಿಂದ? ಆ ಚಿಂತೆಯನ್ನು ಹೊತ್ತವರು ಬೈರಮಂಗಲದವರು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯ ಹೇಳುವ ಹೊಳೆ ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು ದಾಟಿ, ಮನೆಗಳ ಕೊಳಚೆಗೆ ಕಾರ್ಖಾನೆಗಳ ತ್ಯಾಜ್ಯವನ್ನೂ ಕೂಡಿಸಿಕೊಂಡು, 1940ರ ದಶಕದಲ್ಲಿ ವ್ಯವಸಾಯಕ್ಕೆಂದು ಕಟ್ಟಿದ ಆ ಕೆರೆಯನ್ನು ತುಂಬುತ್ತದೆ. ಕೆರೆಗೆ ವರ್ಷವಿಡೀ ನೀರಿದೆ. ಬೇಸಿಗೆಯಲ್ಲೂ ಕೋಡಿ ಹರಿಯುತ್ತದೆ. ಆದರೆ ಆ ನೀರು ಹಾಯಿಸಿ ಬೆಳೆಯುವ ಬೆಳೆ ಯಾವುದು ನೋಡಿ: ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು. ಬತ್ತ, ಕಬ್ಬು ಬೆಳೆಯುತ್ತಿದ್ದ ಅಚ್ಚುಕಟ್ಟು ನೀರಿಗೆ ತಕ್ಕ ಬೆಳೆ ಹುಡುಕಿಕೊಂಡಿದೆ. ಹುಲ್ಲು ತಿಂದ ಹಸುವಿನ ಹಾಲು, ಬೇಬಿ ಕಾರ್ನ್‌ನ ಪೊಟ್ಟಣ ಮಾರಾಟವಾಗುವುದು ಮತ್ತೆ ಬೆಂಗಳೂರಿನಲ್ಲೇ. ತನ್ನ ಕೊಳಚೆ ತನ್ನ ತಟ್ಟೆಗೇ ವಾಪಸು ಬರುವ ಈ ದಾರಿ ಯಾವ ಇಲಾಖೆಯ ಕಡತದಲ್ಲೂ ಒಟ್ಟಾಗಿ ದಾಖಲಾಗುವುದಿಲ್ಲ: ಒಳಚರಂಡಿ ಒಬ್ಬರದು, ಕೆರೆ ಇನ್ನೊಬ್ಬರದು, ಹಾಲು ಮತ್ತೊಬ್ಬರದು. ಸರ್ಕಾರಕ್ಕೆ ಹೊಳೆದ ಪರಿಹಾರವೂ ಇದೇ ಧಾಟಿಯದು. ಕೊಳಚೆಯನ್ನು ಕೆರೆಗೆ ಬಿಡದೆ ಕಾಲುವೆ ತೋಡಿ ಪಕ್ಕದಿಂದ ಸಾಗಿಸುವ ಕಾಮಗಾರಿ ಬಂತು. ಕೆರೆ ಒಣಗಿದರೆ ನಮ್ಮ ಗತಿಯೇನು ಎಂದು ರೈತರು ವಿರೋಧಿಸಿದರು. ಹೊಲಸು ನೀರು ಬೇಡ, ನೀರೇ ಇಲ್ಲದಿರುವುದೂ ಬೇಡ ಎಂಬ ಅವರ ಮಾತು ನಗರದವರಿಗೆ ಗೊಂದಲದಂತೆ ಕೇಳಬಹುದು. ಅವರು ಕೇಳುತ್ತಿರುವುದು ಶುದ್ಧ ಮಾಡಿದ ನೀರು ಮಾತ್ರ. ಅದನ್ನು ಕೊಡಬೇಕಾದವರ ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲ.

ಕೋಲಾರದ ಕಥೆ ಇನ್ನೂ ತೊಡಕಿನದು, ಏಕೆಂದರೆ ಅಲ್ಲಿ ಯೋಜನೆ ಫಲ ಕೊಟ್ಟಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿಗೂ ಆಳಕ್ಕಿಳಿದ ಕೊಳವೆಬಾವಿಗಳ, ಫ್ಲೋರೈಡ್ ನೀರಿನ ಜಿಲ್ಲೆಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರ್‌ವರೆಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಚಾಲೂ ಆಯಿತು. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ತಿಂಗಳೊಪ್ಪತ್ತಿನಲ್ಲೇ ನೊರೆ ಕಾಣಿಸಿತು. ಬೆಳ್ಳಂದೂರಿನಲ್ಲಿ ನೊರೆಗೆ, ಬೆಂಕಿಗೆ ಹೆಸರಾದ ಅದೇ ಕಣಿವೆಯ ನೀರು ತಾನೇ! ಜುಲೈಯಲ್ಲಿ ಹೈಕೋರ್ಟ್ ತಡೆ ನೀಡಿತು, ಎರಡು ತಿಂಗಳ ನಂತರ ತೆರವುಗೊಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, ಏಪ್ರಿಲ್‌ನಲ್ಲಿ ತೆರವುಗೊಳಿಸಿತು. ಆಮೇಲೆ ಕೆರೆಗಳು ಒಂದರ ಹಿಂದೊಂದು ತುಂಬಿದವು, ಬತ್ತಿದ್ದ ಬಾವಿಗಳಲ್ಲಿ ನೀರು ಮೇಲೆದ್ದಿತು. ಅಂತರ್ಜಲ ಏರಿದ್ದನ್ನು ಅಧ್ಯಯನಗಳೂ ಹೇಳುತ್ತವೆ. ಹಾಗಿದ್ದರೂ ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತದ್ದು ಬೇಕು ಎಂಬ ಜಿಲ್ಲೆಯ ಬೇಡಿಕೆ ನಿಂತಿಲ್ಲ. ಕೆರೆ ಅಂಗಳದ ಪಕ್ಕದ ಬಾವಿಯೇ ಹಳ್ಳಿಗೆ ಕುಡಿಯುವ ನೀರು ಕೊಡುವ ಜಿಲ್ಲೆಯಿದು. ಕೆರೆಗೆ ಬಿಟ್ಟದ್ದು ಇಂದಲ್ಲ ನಾಳೆ ಬಿಂದಿಗೆಗೆ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಯಾರು ಸರಿ ಎಂಬುದಷ್ಟೇ ಅಲ್ಲ. ನೀರಿನ ಗುಣಮಟ್ಟದಂಥ ದಿನನಿತ್ಯದ ಪ್ರಶ್ನೆಯನ್ನು ಕೇಳಲು ಕೋಲಾರದ ಜನ ದೆಹಲಿಯವರೆಗೆ ಹೋಗಬೇಕಾಯಿತು. ಕೋರ್ಟಿಗೆ ತಿಳಿದದ್ದು ಎರಡೇ: ನಿಲ್ಲಿಸು, ಬಿಡು. ಇಂಥ ಘಟಕದಲ್ಲಿ ಇಂಥ ತಿಂಗಳು ಇಷ್ಟು ಅಮೋನಿಯಾ ಏಕೆ ಬಂತು, ಯಾವ ಪಂಪು ಕೆಟ್ಟಿತ್ತು, ಎಂದು ರಿಪೇರಿ ಎಂದು ಪ್ರತಿ ತಿಂಗಳು ಕೂತು ಕೇಳುವುದು ನ್ಯಾಯಾಧೀಶರ ಕೆಲಸವಲ್ಲ. ಹಳೆಯ ಕಾಲದ ಕೆರೆಗೆ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನೂ ಅವನೇ, ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ಊರಿನ ಮುಂದೆ ಉತ್ತರ ಹೇಳುವವನೂ ಅವನೇ. ಕೆ.ಸಿ. ವ್ಯಾಲಿಯಲ್ಲಿ ತೂಬು ಒಂದು ಊರಿನಲ್ಲಿದೆ, ಗದ್ದೆ ಇನ್ನೊಂದು ಜಿಲ್ಲೆಯಲ್ಲಿದೆ. ಸಂಸ್ಕರಿಸುವುದು ಜಲಮಂಡಳಿ, ಸಾಗಿಸುವುದು ಸಣ್ಣ ನೀರಾವರಿ ಇಲಾಖೆ, ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಮೂರೂ ಒಂದೇ ಸರ್ಕಾರದ ಅಂಗ.

ಹಾಗಾದರೆ ಬೇಕಾದದ್ದೇನು? ಬೆಂಗಳೂರಿನ ಕೊಳವೆಗಳನ್ನು ಮಂಡ್ಯಕ್ಕೋ ಕೋಲಾರಕ್ಕೋ ಬರೆದುಕೊಡುವ ಮಾತು ಇದಲ್ಲ. ಜಲಮಂಡಳಿಯೇ ನಡೆಸಲಿ, ನಗರವೇ ಒಡೆಯನಾಗಿರಲಿ. ಆದರೆ 1964ರ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಅದರ ಮೇಲೊಂದು ಪ್ರಾದೇಶಿಕ ಮೇಲ್ವಿಚಾರಣಾ ಪರಿಷತ್ತು ಬರಬೇಕು. ಅದರಲ್ಲಿ ನಗರದ ಪಾಲಿಕೆಗಳ ಜೊತೆಗೆ ಮಂಡ್ಯ, ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾಗಿರುವ ರಾಮನಗರ, ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರಗಳ ಚುನಾಯಿತ ಪ್ರತಿನಿಧಿಗಳು ಕೂರಬೇಕು. ದಿನನಿತ್ಯದ ಆಡಳಿತದಲ್ಲಿ ಇವರು ಕೈಹಾಕುವಂತಿಲ್ಲ. ಆದರೆ ಹೊಸ ನೀರೆತ್ತುವ ಯೋಜನೆ, ಒಂದು ಕೊಳ್ಳದಿಂದ ಇನ್ನೊಂದಕ್ಕೆ ಸಂಸ್ಕರಿತ ನೀರಿನ ವರ್ಗಾವಣೆ, ಸಂಸ್ಕರಣೆಯ ಮಟ್ಟ, ಜಲಾನಯನದಲ್ಲಿ ಬಡಾವಣೆಗಳಿಗೆ ಅನುಮತಿ, ಈ ನಾಲ್ಕು ವಿಷಯಗಳಲ್ಲಿ ಇವರ ಬಹುಮತವಿಲ್ಲದೆ ತೀರ್ಮಾನ ಆಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಅಳತೆಗೋಲು ಪರಿಷತ್ತಿನ ಕೈಯಲ್ಲಿರಬೇಕು: ಘಟಕ ಬಿಟ್ಟ ನೀರನ್ನು ಘಟಕದ ಬಾಗಿಲಲ್ಲೂ ಕೆರೆಯ ಕೋಡಿಯಲ್ಲೂ ಜಲಮಂಡಳಿಗೆ ಸೇರದ ಪ್ರಯೋಗಾಲಯ ಪರೀಕ್ಷಿಸಿ, ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು. ಕುರ್ಚಿ ಕೊಟ್ಟು ಅಂಕಿಅಂಶ ಮುಚ್ಚಿಟ್ಟರೆ ಅದು ಚಹಾ-ಬಿಸ್ಕತ್ತಿನ ಸಭೆಯಾಗುತ್ತದೆ.

ಇದನ್ನು ಮಾಡಿ ನೋಡಿದ ಊರು ಇದೆಯೇ ಎಂದರೆ, ಇದೆ: ಅಮೆರಿಕದ ಡೆಟ್ರಾಯಿಟ್. ಪಾಠ ಎರಡೂ ಕಡೆಗೆ ಇರುವುದರಿಂದಲೇ ಅದು ಉಪಯುಕ್ತ ಉದಾಹರಣೆ. ಮೋಟಾರು ಕಾರುಗಳ ಆ ನಗರದ ಜಲ ಇಲಾಖೆ ತನ್ನ ಊರಿಗಷ್ಟೇ ಅಲ್ಲ, ಸುತ್ತಲಿನ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ, ಒಟ್ಟು 40 ಲಕ್ಷದಷ್ಟು ಜನಕ್ಕೆ ನೀರು ಕೊಡುತ್ತಿತ್ತು. ನದಿಗೆ ಕೊಳಚೆ ಬಿಡುವುದರ ವಿರುದ್ಧ ಒಕ್ಕೂಟ ಸರ್ಕಾರ 1977ರಲ್ಲಿ ಹೂಡಿದ ಮೊಕದ್ದಮೆ ಮುಗಿದದ್ದು 2013ರಲ್ಲಿ. ಅಷ್ಟು ದಶಕಗಳ ಕಾಲ ಇಲಾಖೆ ಫೆಡರಲ್ ನ್ಯಾಯಾಲಯದ ಉಸ್ತುವಾರಿಯಲ್ಲಿತ್ತು. ಉಪನಗರಗಳದು ದರ ಹೆಚ್ಚೆಂಬ ದೂರು. ಬಹುಪಾಲು ಕರಿಯರೇ ಇರುವ ನಗರದ್ದು, ಬಿಳಿಯರೇ ಹೆಚ್ಚಿದ್ದ ಉಪನಗರಗಳು ನಮ್ಮ ಪೂರ್ವಜರು ಕಟ್ಟಿದ ಆಸ್ತಿ ಕಸಿಯಲು ಹವಣಿಸುತ್ತಿವೆ ಎಂಬ ಅಂಜಿಕೆ. ಮಾಜಿ ಮೇಯರ್ ಕ್ವಾಮೆ ಕಿಲ್‌ಪ್ಯಾಟ್ರಿಕ್ 2013ರಲ್ಲಿ ಭ್ರಷ್ಟಾಚಾರದಲ್ಲಿ ತಪ್ಪಿತಸ್ಥನಾದಾಗ ಜಲ ಇಲಾಖೆಯ ಗುತ್ತಿಗೆಗಳೂ ಆ ಪ್ರಕರಣದಲ್ಲಿದ್ದವು. ಅದೇ ವರ್ಷ ನಗರ ದಿವಾಳಿ ಅರ್ಜಿ ಹಾಕಿತು. ಮಧ್ಯಸ್ಥಿಕೆಯಲ್ಲಿ ಮೂಡಿದ ಒಪ್ಪಂದದಂತೆ 2016ರ ಜನವರಿಯಿಂದ ಗ್ರೇಟ್ ಲೇಕ್ಸ್ ಜಲ ಪ್ರಾಧಿಕಾರ ಕೆಲಸ ಶುರುಮಾಡಿತು. ಒಡೆತನ ಡೆಟ್ರಾಯಿಟ್‌ನದೇ, ಪ್ರಾಧಿಕಾರಕ್ಕೆ 40 ವರ್ಷದ ಗುತ್ತಿಗೆ, ವರ್ಷಕ್ಕೆ 5 ಕೋಟಿ ಡಾಲರ್ ಬಾಡಿಗೆ, ಆ ಹಣ ನಗರದ ಹಳೆಯ ಕೊಳವೆಗಳ ದುರಸ್ತಿಗೆ. ಆರು ಸದಸ್ಯರಲ್ಲಿ ಇಬ್ಬರು ನಗರದವರು, ಮೂರು ಕೌಂಟಿಗಳಿಂದ ತಲಾ ಒಬ್ಬರು, ರಾಜ್ಯಪಾಲರ ಕಡೆಯಿಂದ ಒಬ್ಬರು. ದರ, ಬಜೆಟ್‌ನಂಥ ದೊಡ್ಡ ತೀರ್ಮಾನಗಳಿಗೆ ಐದು ಮತ ಬೇಕು. ಅಂದರೆ ನಗರದ ಇಬ್ಬರೂ ಬೇಡವೆಂದರೆ ಆಗದು, ನಗರ ಒಂಟಿಯಾಗಿಯೂ ಮಾಡಲಾಗದು.

ಡೆಟ್ರಾಯಿಟ್ ಒಪ್ಪಂದ ಎಲ್ಲ ರೋಗವನ್ನೂ ವಾಸಿಮಾಡಲಿಲ್ಲ. ಬಿಲ್ ಕಟ್ಟಲಾಗದ ಸಾವಿರಾರು ಬಡ ಮನೆಗಳ ನಲ್ಲಿಯನ್ನು ನಗರ 2014ರಲ್ಲಿ ಕತ್ತರಿಸಿ ವಿಶ್ವಸಂಸ್ಥೆಯ ತಜ್ಞರಿಂದ ಛೀಮಾರಿ ಹಾಕಿಸಿಕೊಂಡಿತ್ತು. ಹೊಸ ಪ್ರಾಧಿಕಾರ ಆದಾಯದ ಅರ್ಧ ಶೇಕಡವನ್ನು ಬಡವರ ನೆರವಿಗೆ ಎತ್ತಿಟ್ಟಿತಾದರೂ ಬಡತನದ ದೊಡ್ಡ ಪ್ರಶ್ನೆ ಹಾಗೇ ಉಳಿಯಿತು. ಹೈಲ್ಯಾಂಡ್ ಪಾರ್ಕ್ ಎಂಬ ಸಣ್ಣ ಊರಿನ ಬಾಕಿಯ ಜಗಳ ವರ್ಷಗಟ್ಟಲೆ ಎಳೆಯಿತು. ಆದರೆ ಪ್ರದೇಶವೆಲ್ಲ ಒಟ್ಟಿಗೆ ಕೂರುವ ಜಾಗ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಫ್ಲಿಂಟ್ ಸಾಕ್ಷಿ. ಡೆಟ್ರಾಯಿಟ್‌ನ ದರ ದುಬಾರಿಯೆಂದು, ರಾಜ್ಯ ನೇಮಿಸಿದ ಆಡಳಿತಾಧಿಕಾರಿಯ ಕಾಲದಲ್ಲಿ, ಆ ಊರು 2014ರ ಏಪ್ರಿಲ್‌ನಲ್ಲಿ ಆ ನೀರು ಬಿಟ್ಟು ತನ್ನ ನದಿಯ ನೀರಿಗೆ ತಿರುಗಿತು. ಕೊಳವೆ ಸವೆಯದಂತೆ ಮಾಡಬೇಕಾದ ಉಪಚಾರ ಮಾಡದ ಕಾರಣ ಸೀಸ ನಲ್ಲಿಗೆ ಬಂತು, ಮಕ್ಕಳ ರಕ್ತಕ್ಕೆ ಬಂತು. 2015ರ ಅಕ್ಟೋಬರ್‌ನಲ್ಲಿ ಊರು ಮತ್ತೆ ಡೆಟ್ರಾಯಿಟ್ ನೀರಿಗೇ ಮರಳಿತು. ದರದ ಜಗಳವನ್ನು ಮಾತಾಡಿ ತೀರಿಸುವ ಮೇಜು ಇದ್ದಿದ್ದರೆ ಫ್ಲಿಂಟ್ ಅಷ್ಟು ದೂರ ಹೋಗುತ್ತಿರಲಿಲ್ಲ ಎಂದು ನಾನು ಆಣೆ ಹಾಕಿ ಹೇಳಲಾರೆ. ಅಂಥ ಮೇಜು ಇರಲಿಲ್ಲ ಎಂಬುದು ಮಾತ್ರ ನಿಜ.

ಈಗ ಆಕ್ಷೇಪಗಳು. ಮೊದಲನೆಯದು, ಮತ್ತು ಗಟ್ಟಿಯಾದದ್ದು: ಪ್ರಾದೇಶಿಕ ಸಂಸ್ಥೆ ಆಗಲೇ ಇದೆ, ಅದರ ಹೆಸರು ಕರ್ನಾಟಕ ಸರ್ಕಾರ. ಜಲಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ. ಅದೇ ಸರ್ಕಾರ ಕೋಲಾರಕ್ಕೂ ಮಂಡ್ಯಕ್ಕೂ ಉತ್ತರದಾಯಿ. ಹಾಗಿದ್ದಮೇಲೆ ನಡುವೆ ಇನ್ನೊಂದು ಪರಿಷತ್ತು ಏಕೆ? ಕಾಗದದ ಮೇಲೆ ಈ ವಾದ ಸರಿ. ವಿಧಾನಸಭೆಯಲ್ಲಿ ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನ, ಕೋಲಾರ ಜಿಲ್ಲೆಗೆ 6. ಯಾವ ಪಕ್ಷ ಬಂದರೂ ಬೆಂಗಳೂರಿನ ಉಸ್ತುವಾರಿ ದೊಡ್ಡ ನಾಯಕರ ಕೈಯಲ್ಲೇ ಇರುತ್ತದೆ. ಸಾವಿರಾರು ಕೋಟಿಯ ಯೋಜನೆ ಮಾಡುವುದೂ ಸರ್ಕಾರ, ಅದರಿಂದ ಬಂದ ನೀರು ಸರಿಯಿದೆಯೇ ಎಂದು ಪರೀಕ್ಷಿಸುವುದೂ ಸರ್ಕಾರ, ಸರಿಯಿಲ್ಲವೆಂದರೆ ಕೋರ್ಟಿನಲ್ಲಿ ಸಮರ್ಥಿಸಿಕೊಳ್ಳುವುದೂ ಸರ್ಕಾರ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟುಕೊಳ್ಳುವವರು ಯಾರಾದರೂ ಉದಾರಿಗಳಾಗುತ್ತಾರೆ, ಅಷ್ಟೆ. ಬೆಳ್ಳಂದೂರಿನ ವಿಷಯದಲ್ಲಿ 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿ, ಕೆರೆಗಳ ಕೆಲಸಕ್ಕೆ 500 ಕೋಟಿ ಪ್ರತ್ಯೇಕ ಖಾತೆಯಲ್ಲಿಡು ಎಂದದ್ದು ಏಕೆ? ಸರ್ಕಾರದ ಒಳಗಿನ ಯಾವ ಕಣ್ಣೂ ಆ ಕೆಲಸ ಮಾಡಿರಲಿಲ್ಲ.

ಎರಡನೇ ಆಕ್ಷೇಪ ದಣಿದವರದು: ಈಗಿರುವ ಪ್ರಾಧಿಕಾರಗಳೇ ಸಾಕಾಗಿವೆಯಲ್ಲ! ಒಪ್ಪುತ್ತೇನೆ. 1985ರ ಕಾಯ್ದೆಯಿಂದ ಬಂದ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ಕೈಯಲ್ಲಿ 8,000 ಚದರ ಕಿಲೋಮೀಟರ್ ಪ್ರದೇಶವಿದೆ, ನೀರಿನ ಮೇಲೆ ಹಿಡಿತವಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಹೇಳಿದ ಮಹಾನಗರ ಯೋಜನಾ ಸಮಿತಿ ಬೆಂಗಳೂರಿನಲ್ಲಿ ರಚನೆಯಾದದ್ದು ಎರಡು ದಶಕ ತಡವಾಗಿ, ಅದೂ ಹೆಸರಿಗೆ. ಆದರೆ ಇವು ಸೊರಗಿದ್ದು ಪ್ರಾದೇಶಿಕವಾದ್ದರಿಂದ ಅಲ್ಲ. ಇವುಗಳ ಒಪ್ಪಿಗೆಯಿಲ್ಲದೆ ಯಾವ ಕೆಲಸವೂ ನಿಲ್ಲುವುದಿಲ್ಲ, ಇವುಗಳ ಸಭೆ ನಡೆಯದಿದ್ದರೆ ಯಾರಿಗೂ ನಷ್ಟವಿಲ್ಲ, ಅದಕ್ಕೇ ಸಭೆ ನಡೆಯುವುದಿಲ್ಲ. ಐದು ಮತ ಬೀಳದೆ ಬಜೆಟ್ ಪಾಸಾಗದು ಎಂದಿದ್ದರೆ ಸಭೆ ತಾನೇ ಸೇರುತ್ತದೆ. ಹಲ್ಲಿರುವ ಒಂದು ಪರಿಷತ್ತು ಬರುವುದಾದರೆ ಹಲ್ಲಿಲ್ಲದ ಒಂದೆರಡನ್ನು ಮುಚ್ಚಲು ನನ್ನ ಅಡ್ಡಿಯಿಲ್ಲ.

ಮೂರನೆಯದು ನಗರದ ತೆರಿಗೆದಾರನದು. ದುಡ್ಡು ನಮ್ಮದು, ಸಾಲ ತೀರಿಸುವವರು ನಾವು, ಹೊರಗಿನವರು ಬಂದು ತಡೆಹಾಕಿದರೆ ಬೇಸಿಗೆಯಲ್ಲಿ ಒಣಗುವುದು ನಮ್ಮ ನಲ್ಲಿ. 2024ರ ಬೇಸಿಗೆಯಲ್ಲಿ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರ ಮಿತಿ ಹಾಕಬೇಕಾದದ್ದನ್ನು ಕಂಡವರು ಈ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಬೇಸಿಗೆ ಹೆಚ್ಚು ಬಳಲಿದವರು ನಗರದ ಅಂಚಿನವರು, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳವರು. ಗಡಿಯೊಳಗೆ ಬಂದು 17 ವರ್ಷವಾದ ಮೇಲೆ ಅವರಿಗೆಂದೇ ರೂಪಿಸಿದ ಕಾವೇರಿ ಹಂತ ಉದ್ಘಾಟನೆಯಾಯಿತು. ಬಡಾವಣೆಗೆ ಅನುಮತಿ ಕೊಟ್ಟವರೂ ನೀರು ತರಬೇಕಾದವರೂ ಒಬ್ಬರನ್ನೊಬ್ಬರು ಕೇಳದೆ ನಡೆದ ಫಲ ಅದು. ನೀರಿಲ್ಲದಲ್ಲಿ ಬಡಾವಣೆ ಬೇಡ ಎನ್ನುವ ಪ್ರಾದೇಶಿಕ ತಡೆ ಅಂದು ಇದ್ದಿದ್ದರೆ ಅದರಿಂದ ಮೊದಲು ಉಳಿಯುತ್ತಿದ್ದವರು ನಗರದ ಜನವೇ. ದುಡ್ಡು ನಮ್ಮದು ಎಂಬ ಮಾತಿಗೂ ಸ್ವಲ್ಪ ಸಂಕೋಚ ಬೇಕು: 2014ರಿಂದ 2025ರವರೆಗೆ ನೀರಿನ ದರ ಏರಲೇ ಇಲ್ಲ, ಜಲಮಂಡಳಿಯ ವಿದ್ಯುತ್ ಬಿಲ್ ಮಾತ್ರ ಏರುತ್ತಲೇ ಹೋಯಿತು. ದರ ಕಟ್ಟದೆ ಉಳಿಸಿದ ಹಣ ಎಲ್ಲಿ ಕಡಿತವಾಗುತ್ತದೆ? ನಲ್ಲಿಯಲ್ಲಿ ನೀರು ಬರದಿದ್ದರೆ ಗಲಾಟೆಯಾಗುತ್ತದೆ, ಶುದ್ಧೀಕರಣ ಘಟಕದ ಗಾಳಿಯಂತ್ರ ನಿಂತರೆ ಊರೊಳಗೆ ಯಾರಿಗೂ ತಿಳಿಯುವುದಿಲ್ಲ.

ಗ್ರೇಟರ್ ಬೆಂಗಳೂರು ಕಾಯ್ದೆ 2025ರಲ್ಲಿ ಜಾರಿಗೆ ಬಂದು, ಒಂದಿದ್ದ ಪಾಲಿಕೆ ಐದಾಗಿ, ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾದ ಪ್ರಾಧಿಕಾರ ಕೂತಿದೆ. ಸುತ್ತಲಿನ ಊರುಗಳನ್ನು ಮುಂದೆ ಈ ಪ್ರಾಧಿಕಾರದೊಳಗೆ ಸೇರಿಸಿಕೊಂಡರೆ ನೀರಿನ ಪ್ರಶ್ನೆಯೂ ಬಗೆಹರಿಯುತ್ತದೆ ಎನ್ನುವವರಿದ್ದಾರೆ. ನಗರದ ಗಡಿಯನ್ನು ಹಿಗ್ಗಿಸುವುದೂ ನಗರವನ್ನು ಪ್ರಶ್ನಿಸುವ ಹಕ್ಕು ಕೊಡುವುದೂ ಒಂದೇ ಅಲ್ಲ. ಗಡಿಯೊಳಗೆ ಬಂದವರು ಹೇಗೆ ಕಾದರು ಎಂಬುದಕ್ಕೆ 110 ಹಳ್ಳಿಗಳೇ ಇವೆ. ಅದೂ ಅಲ್ಲದೆ ಎಷ್ಟು ಹಿಗ್ಗಿಸಿದರೂ ಮಳವಳ್ಳಿ ಒಳಗೆ ಬರುವುದಿಲ್ಲ, ಕೋಲಾರದ ಕೆರೆ ಒಳಗೆ ಬರುವುದಿಲ್ಲ. ಹೊಸೂರಂತೂ ಇನ್ನೊಂದು ರಾಜ್ಯ. ಅದಕ್ಕೆ ಮತವಿಲ್ಲದಿದ್ದರೂ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಕಳಿಸಲು ಯಾವ ಟ್ರಿಬ್ಯುನಲ್ಲಿನ ಆದೇಶವೂ ಬೇಕಿಲ್ಲ.

ಈ ಚರ್ಚೆಗೆ ಒಂದು ಗಡುವೂ ಇದೆ, ಅದರ ಹೆಸರು ಮೇಕೆದಾಟು. ಬೆಂಗಳೂರಿಗೆ ಕುಡಿಯುವ ನೀರಿಗೆಂದು 67 ಟಿಎಂಸಿಯ ಸಮತೋಲನ ಜಲಾಶಯ ಬೇಕೆಂದು ರಾಜ್ಯ ಪಟ್ಟು ಹಿಡಿದಿದೆ. ಮೇಕೆದಾಟು ಇರುವುದು ಸಂಗಮದಿಂದ ಕೆಳಗೆ, ಅಂದರೆ ಅರ್ಕಾವತಿ ಕಾವೇರಿಗೆ ಸೇರಿದ ಮೇಲೆ. ಅಲ್ಲಿ ಅಣೆಕಟ್ಟು ಎದ್ದ ದಿನ ಬೆಂಗಳೂರು ಮೊದಲ ಬಾರಿಗೆ ತನ್ನದೇ ವೃಷಭಾವತಿಯ ಕೆಳಗಿನ ಊರಾಗುತ್ತದೆ. ನಾಯಂಡಹಳ್ಳಿಯ ಮೋರಿಯಲ್ಲಿ ಹರಿದದ್ದು ಬೈರಮಂಗಲ, ಕನಕಪುರ ದಾಟಿ ಅದೇ ಜಲಾಶಯದಲ್ಲಿ ನಿಲ್ಲುತ್ತದೆ. ತಮಿಳುನಾಡು, ಅರಣ್ಯ ಇಲಾಖೆ, ಕೇಂದ್ರ ಜಲ ಆಯೋಗಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಗಿದೆ. ಅರ್ಕಾವತಿಯಲ್ಲಿ ಆ ಜಲಾಶಯಕ್ಕೆ ಏನು ಹರಿದು ಬರಲಿದೆ ಎಂಬ ಬಗ್ಗೆ ಅದರ ಹತ್ತರಲ್ಲೊಂದು ಪಾಲೂ ಆಗಿಲ್ಲ. ಯೋಜನಾ ವರದಿಯ ಮುಂದಿನ ಕರಡಿಗೆ ಸಹಿ ಬೀಳುವ ಮೊದಲು ಬೈರಮಂಗಲದ ಅಚ್ಚುಕಟ್ಟಿನವರನ್ನು ಕರೆದು ಕೂರಿಸಿ, ನಿಮ್ಮ ಕೋಡಿಯಲ್ಲಿ ಹರಿಯುವ ನೀರು ಯಾವ ತಿಂಗಳು ಯಾವ ಬಣ್ಣಕ್ಕಿರುತ್ತದೆ ಎಂದು ಜಲಮಂಡಳಿ ಕೇಳಿ ಬರೆದುಕೊಳ್ಳಬಹುದು. ಅದಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಕಾಗಿಲ್ಲ.